ಮಾದಿ ಕೇಳಿದ್ದು ಹೊಸಿಲು ದಾಟುವುದಿಲ್ಲ

ಅಂಕೋಲೆ ಪೇಟೆಯಲ್ಲಿ ಅಂಗಡಿಗಳ ಬಾಗಿಲು ಇನ್ನೂ ತೆರೆದಿಲ್ಲ. ವಕೀಲೆ ದಮಯಂತಿಯವರ ಕಚೇರಿಯ ಮೆಟ್ಟಿಲ ಮೇಲೆ, ಮೊದಲ ಬಸ್ಸಿಗೆ ಬಂದಿಳಿದ ಬೀರಜ್ಜ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದಾನೆ. ಪಕ್ಕದ ಚಾದಂಗಡಿಯವನು ಒಲೆ ಹೊತ್ತಿಸುತ್ತಿದ್ದಾನೆ. ಅಜ್ಜನಿಗೆ ಕೇಳುವ ಕಿವಿಯೊಂದು ಸಿಕ್ಕಿತು. "ನಮ್ಮನೆ ಸಣ್ಣವ ಅದಾನಲ್ಲ, ಅವ ಮೊನ್ನೆ..." ಎಂದು ಶುರು ಮಾಡಿದ್ದೇ ತಡ, ಕಸಬರಿಗೆ ಹಿಡಿದ ಹೆಂಗಸೊಬ್ಬಳು ಒಳಗಿನಿಂದ ಹೊರಬರುತ್ತಾಳೆ.

"ಬೀರಜ್ಜಾ, ಕವಳ ಉಗೂದಾದ್ರೆ ಆ ಬದಿಗೆ ಹೋಗು. ಮಾತಾಡೂದಾದ್ರೆ ಒಳಗೆ ಬಾ."

ಚಾದಂಗಡಿಯವನು ನಗುತ್ತಾನೆ. "ನಾಕು ಸುದ್ದಿ ನಮ್ಗೂ ಬೀಳ್ಲಿ ಮಾದಕ್ಕಾ."

"ನಿಂಗೆ ಬೇಕಾದ ಸುದ್ದಿ ಪೇಪರಲ್ಲಿ ಬತ್ತದೆ. ಓದ್ಕೋ."

ಇವಳೇ ಮಾದಿ. ಬೆಳಿಗ್ಗೆ ಕಚೇರಿ ಗುಡಿಸಿ ಒರೆಸುತ್ತಾಳೆ. ಕೋರ್ಟಿನ ಹೊತ್ತಾಗುವವರೆಗೆ ವಕೀಲರಿಗೂ ಕಕ್ಷಿದಾರರಿಗೂ ನಡುವೆ ಕೂತು ಮಾತು ದಾಟಿಸುತ್ತಾಳೆ. ದಮಯಂತಿಯವರು ಕಾರವಾರದವರು, ಮನೆಮಾತು ಕೊಂಕಣಿ. ಪುಸ್ತಕದ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಹಾಲಕ್ಕಿ ಒಕ್ಕಲಿಗರ ಕೇರಿಗಳಾದ ಕೊಪ್ಪಗಳಿಂದ ಬರುವ ಮುದುಕ ಮುದುಕಿಯರ ಮಾತು, ಅದರಲ್ಲೂ ಸಿಟ್ಟಿನಲ್ಲಿ ಇಲ್ಲವೇ ಅಳುತ್ತ ಆಡಿದ್ದು, ಅವರ ಕಿವಿಗೆ ಅರ್ಧವೇ ಸಿಗುತ್ತದೆ. ವಕೀಲರ ಮಾತು ಆ ಮುದುಕರಿಗೆ ಅಷ್ಟೂ ಸಿಗುವುದಿಲ್ಲ.

ಅಂಥದೇ ಒಂದು ಕೊಪ್ಪದ ಮಾದಿ ಶಾಲೆಯ ಮೆಟ್ಟಿಲು ಹತ್ತಿದ್ದು ಅಷ್ಟಕ್ಕಷ್ಟೆ. ಗಂಡ ತೀರಿಕೊಂಡ ಮೇಲೆ ಬಸಳೆ, ಬದನೆ ಹೊತ್ತು ಪೇಟೆಯಲ್ಲಿ ಮಾರಿದಳು. ದಮಯಂತಿಯವರ ಮನೆಗೂ ಅವಳದೇ ತರಕಾರಿ. ಒಂದು ದಿನ ಅವರ ಎದುರು ಅಳುತ್ತ ಕೂತಿದ್ದ ಮುದುಕಿಯ ಮಾತನ್ನು ಬುಟ್ಟಿ ಇಳಿಸಿ ಬಿಡಿಸಿ ಹೇಳಿದಳು. ಮರುದಿನ ದಮಯಂತಿಯವರು ಕರೆಕಳಿಸಿದರು. ಮೊದಲ ದಿನ ಕಲಿಸಿದ ಪಾಠ ಒಂದೇ. "ನನ್ನ ಹತ್ರ ಕಕ್ಷಿದಾರ ಹೇಳಿದ್ದು ಅವನ ಸೊತ್ತು ಮಾದಿ. ಅವನು ಒಪ್ಪದೆ ನಾನು ಬಾಯಿ ಬಿಡೂ ಹಾಗಿಲ್ಲ. ನನ್ನ ಗುಮಾಸ್ತನೂ ಬಿಡೂ ಹಾಗಿಲ್ಲ, ಮಾತು ದಾಟಿಸೂ ನೀನೂ ಬಿಡೂ ಹಾಗಿಲ್ಲ. ಕಾನೂನೇ ಹಾಗೆ ಹೇಳ್ತದೆ."

ಅಂದಿನಿಂದ ಅವಳದೇ ಒಂದು ಪದ್ಧತಿ ಬೆಳೆದಿದೆ. ಕೊಪ್ಪದಿಂದ ಒಬ್ಬರ ಕೆಲಸಕ್ಕೆ ಟೆಂಪೋ ತುಂಬ ಜನ ಬರುತ್ತಾರೆ. ಅಳಿಯ, ಭಾವ, ನೆರೆಮನೆಯವ, ಎಲ್ಲರಿಗೂ ಒಳಗೆ ಕೂರುವ ಹಂಬಲ. ಮಾದಿ ಅವರನ್ನೆಲ್ಲ ಚಾದಂಗಡಿಯ ಬೆಂಚಿಗೆ ಅಟ್ಟುತ್ತಾಳೆ. ರಸ್ತೆ ಕಡೆಯ ಕಿಟಕಿ ಹಾಕುತ್ತಾಳೆ. ಸಂತೆಯಲ್ಲಿ ಕಕ್ಷಿದಾರರು ಎದುರಾದರೆ ತಾನಾಗಿ ಮಾತಾಡಿಸುವುದಿಲ್ಲ. "ನಾ ನಕ್ಕರೆ, ಇವ್ರು ವಕೀಲರ ಹತ್ರ ಯಾಕೆ ಹೋಗಿದ್ರು ಅಂತ ಪಕ್ಕದವ ಕೇಳ್ತ. ಅವ್ರೇ ಮಾತಾಡ್ಸದ್ರೆ ಮಾತಾಡ್ತೆ," ಎನ್ನುತ್ತಾಳೆ. ಹೀಗಾಗಿ ಪೇಟೆಯಲ್ಲಿ ಅವಳಿಗೆ ಸೊಕ್ಕಿನವಳೆಂಬ ಹೆಸರೂ ಇದೆ.

ಅವಳ ಬಾಯಿಗೆ ನಿಜವಾದ ಪರೀಕ್ಷೆ ಬಂದದ್ದು ಹೋದ ಬೇಸಿಗೆಯಲ್ಲಿ. ಮಾದಿಯದೇ ಕೊಪ್ಪದ ಹೊನ್ನು ಎಂಬ ಮುದುಕಿ ತನ್ನ ಒಂದು ತುಂಡು ಗದ್ದೆಯ ವಿಷಯ ಹಿಡಿದು ಬಂದಳು. ಆ ಗದ್ದೆಯನ್ನು ಬಹಳ ವರ್ಷಗಳಿಂದ ಬೇಸಾಯ ಮಾಡುತ್ತಿದ್ದವನು ತಿಮ್ಮು. ಹೊನ್ನು ಬಾಯಿಮಾತಿನಲ್ಲಿ ತನಗೆ ಬಿಟ್ಟುಕೊಟ್ಟಿದ್ದಾಳೆ ಎಂಬುದು ಅವನ ವಾದ. ಈ ತಿಮ್ಮು ಬೇರೆ ಯಾರೂ ಅಲ್ಲ, ಮಾದಿಯ ಒಡಹುಟ್ಟಿದ ತಮ್ಮ.

"ಎದುರು ಪಕ್ಷ ನಿನ್ನ ತಮ್ಮ. ಈ ಕೇಸಿಗೆ ಬೇರೆ ಯಾರನ್ನಾದ್ರೂ ಹುಡುಕ್ತೇನೆ," ಎಂದರು ದಮಯಂತಿ. ಹೊನ್ನು ಒಪ್ಪಲಿಲ್ಲ. "ಮಾದಿ ಇದ್ರೆ ಬಾಯಿ ಬಿಡ್ತೆ. ಇಲ್ದಿರೆ ಮನೆಗೆ ಹೋಗ್ತೆ," ಎಂದು ಸೆರಗು ಕೊಡವಿ ಎದ್ದೇಬಿಟ್ಟಳು. ಮಾದಿ ಕೂತಳು. ಹೊನ್ನು ಆ ದಿನ ಏನು ಹೇಳಿದಳು ಎಂಬುದು ಈ ಬರಹದಲ್ಲಿಯೂ ಇಲ್ಲ, ಏಕೆಂದರೆ ಮಾದಿ ಹೇಳಿಲ್ಲ.

ಸುದ್ದಿ ತಿಮ್ಮುವಿನ ಕಿವಿಗೆ ಬೀಳಲು ತಡವಾಗಲಿಲ್ಲ. ಅವನ ಮಗಳು ಭವ್ಯಾಳ ಮದುವೆ ನಿಶ್ಚಯವಾಗಿತ್ತು. ಮಾದಿ ಸೋದರತ್ತೆ, ಎತ್ತಿ ಆಡಿಸಿದವಳು. ತಿಮ್ಮು ಅವಳ ಅಂಗಳದಲ್ಲಿ ನಿಂತು ಕೇಳಿದ. "ಅಕ್ಕಾ, ನೀ ನಮ್ಮನೆ ಹೆಣ್ಣೋ, ಕೋರ್ಟಿನ ಹೆಣ್ಣೋ? ಆ ಹೊನ್ನು ಎಂತ ಹೇಳ್ತು, ಒಂದ್ ಮಾತು ಹೇಳು. ಹೇಳ್ದಿರೆ ಮದುವೆ ಚಪ್ಪರಕ್ಕೆ ಬರೂದೇ ಬ್ಯಾಡ."

"ಹಂಗಾರೆ ಹೊರಗೇ ನಿಂತು ಅಕ್ಕಿ ಹಾಕ್ತೆ," ಎಂದಳು ಮಾದಿ. ಅಂದು ಅವಳ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ತಿಮ್ಮು ಊರಗೌಡರ ಹತ್ತಿರ ಹೋದ. ಕೊಪ್ಪದಲ್ಲಿ ಕೂಟ ಸೇರಿತು. ಅಲ್ಲಿಯ ರೂಢಿ ಹಳೆಯದು. ಗೌಡರು ಕೂಟದಲ್ಲಿ ಕೇಳಿದ್ದಕ್ಕೆ ಯಾರಾದರೂ ಸುಮ್ಮನಿದ್ದರೆ ಹೌದೆಂದು ಒಪ್ಪಿದಂತೆ. ಹೊನ್ನು "ನಾ ಹೇಳೂದು ಕೋರ್ಟಲ್ಲಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಗೌಡರು ಮಾದಿಯ ಕಡೆ ತಿರುಗಿದರು.

"ಗದ್ದೆ ತಿಮ್ಮುಗೆ ಬಿಟ್ಟದ್ದು ಹೌದು ಅಂತ ಹೊನ್ನು ವಕೀಲಮ್ಮನ ಹತ್ರ ಹೇಳದ್ಯಾ?"

ಮಾದಿ ಬಾಯಿ ತೆರೆಯಲಿಲ್ಲ.

"ಮಾದಿ ಸುಮ್ನದೆ. ಹಂಗಾರೆ ಹೌದು," ಎಂದರು ಗೌಡರು. ತಿಮ್ಮುವಿನ ಮುಖ ಅರಳಿತು. ಹೊನ್ನು ತಲೆಯೆತ್ತಿ ಮಾದಿಯನ್ನೇ ನೋಡಿದಳು.

ಬಾಯಿ ಮುಚ್ಚಿಕೊಂಡರೆ ಸಾಕು ಎಂದುಕೊಂಡಿದ್ದ ಮಾದಿಯ ಮುಚ್ಚಿದ ಬಾಯಿಯೇ ಇಲ್ಲಿ ಸಾಕ್ಷಿ ನುಡಿದುಬಿಟ್ಟಿತ್ತು. ಅಲ್ಲವೆಂದರೂ ಒಳಗಿನ ಮಾತು ಹೊರಗೆ ಹಾಕಿದಂತೆಯೇ. ಎದ್ದು ನಿಂತು ಕೈ ಮುಗಿದಳು. "ಗೌಡ್ರೇ, ವಕೀಲಮ್ಮನ ಕೋಣೆದು ಇನ್ನೊಂದು ಎಂತಾದ್ರೂ ಕೇಳಿ. ನಿಮ್ಗೆ ತೋಚಿದ್ದು ಕೇಳಿ."

ಗೌಡರು ಮೀಸೆ ಸವರಿಕೊಂಡರು. "ನಿಮ್ಮ ವಕೀಲಮ್ಮ ಅಲ್ಲಿ ಹುಲಿ ಸಾಕದ್ಯಾ?"

ಮಾದಿ ಸುಮ್ಮನೆ ನಿಂತಳು.

"ಹಂಗಾರೆ ಹೌದು, ಹುಲಿ ಅದೆ!" ಹಿಂದೆ ಕೂತ ಮುದುಕಿಯೊಬ್ಬಳು ಕೂಗಿದಳು. "ಅದು ಟೇಬಲ್ಲಿನ ಅಡಿಗೆ ಮನಗ್ತದ್ಯೇ ಮಾದಿ? ವಕೀಲಮ್ಮನ ಸಂಗ್ತಿಗೆ ಕೋರ್ಟಿಗೂ ಹೋಗ್ತದ್ಯೇ?"

ಮಾದಿ ಹಾಗೆಯೇ ಕಂಬದಂತೆ ನಿಂತಳು. ಕೂಟವೇ ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ಅವಳು ಹೇಳಿದಳು. "ಆ ಕೋಣೆದು ಖರೆ ಇದ್ರೂ ನಾ ಹಿಂಗೇ, ಸುಳ್ಳು ಇದ್ರೂ ಹಿಂಗೇ. ನಾಳೆ ನೀವೇ ಅಲ್ಲಿಗೆ ಬಂದು ಎಂತಾರೂ ಹೇಳದ್ರೂ ಹಿಂಗೇ ಗೌಡ್ರೇ."

ಗೌಡರು ಕೂಟದ ಕಡೆ ತಿರುಗಿದರು. ಆಮೇಲೆ ಅಂದರು, "ವಕೀಲಮ್ಮನ ಕೋಣೆ ವಿಷಯದಲ್ಲಿ ಮಾದಿ ಸುಮ್ನಿರೂದು ಲೆಕ್ಕಕ್ಕಿಲ್ಲ. ಇನ್ನು ಯಾರೂ ಅದರ ಹತ್ರ ಕೇಳೂಕಿಲ್ಲ." ಹಳೆಯ ರೂಢಿಗೆ ಒಬ್ಬ ಹೆಂಗಸಿನ ಸಲುವಾಗಿ ಒಂದು ವಿನಾಯಿತಿ ಸೇರಿತು. ತಿಮ್ಮು ಮಾತ್ರ ಮಾತು ಬಿಟ್ಟ. ಮಳೆಗಾಲವಿಡೀ ಅಕ್ಕ ಎದುರು ಬಂದರೆ ದಾರಿ ಬಿಟ್ಟು ಗದ್ದೆಯ ಬದುವಿಗೆ ಇಳಿದು ಹೋಗುತ್ತಿದ್ದ.

ಮುಂದಿನದನ್ನು ಹೇಳಿದವನು ತಿಮ್ಮುವೇ, ಮಾದಿಯಲ್ಲ. ಅವನೂ ಕಾರವಾರದಲ್ಲಿ ವಕೀಲರನ್ನು ಹಿಡಿದ. ಒಳ್ಳೆಯವರೇ, ಆದರೆ ಇವನ ಮಾತು ಅವರಿಗೆ ಹತ್ತುವುದಿಲ್ಲ. ನಡುವೆ ಒಬ್ಬರು ಬೇಕಾದರು. ಕೊಪ್ಪದ ಒಬ್ಬೊಬ್ಬರನ್ನೂ ನೆನೆದ. ಒಬ್ಬನಿಗೆ ಹೆಂಡತಿಯ ಎದುರು ಬಾಯಿ ನಿಲ್ಲುವುದಿಲ್ಲ, ಇನ್ನೊಬ್ಬನಿಗೆ ಸೇಂದಿ ಒಳಗೆ ಹೋದರೆ ನಿಲ್ಲುವುದಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅಕ್ಕನ ಅಂಗಳಕ್ಕೆ ಬಂದ.

"ನಾ ಬರೂಕಾಗೂದಿಲ್ಲ ತಿಮ್ಮು. ಹೊನ್ನಕ್ಕನ ಮಾತು ಕೇಳಿದವಳು ನಾನು," ಎಂದಳು ಮಾದಿ.

"ನಿನ್ನ ಕರೂಕೆ ಬರ್ಲಿಲ್ಲ. ನಿನ್ನಂಥದ್ದು ಇನ್ನೊಂದು ಯಾರಾದ್ರೂ ಅದ್ಯಾ, ಅದನ್ನ ಕೇಳೂಕೆ ಬಂದೆ."

ಅವಳು ಪಕ್ಕದ ಕೊಪ್ಪದ ರುಕ್ಮಿಣಿಯ ಹೆಸರು ಹೇಳಿದಳು. ತಿಮ್ಮು ಹೊರಟವನು ಬೇಲಿಯ ದಣಪೆಯ ಹತ್ತಿರ ನಿಂತ. "ಭವ್ಯಾನ ಮದುವೆಗೆ ಎಂಟು ದಿನ ಮುಂಚೇನೇ ಬಾ. ಸೋದರತ್ತೆ ಇಲ್ದೆ ಅದು ಸೀರೆ ಉಡೂದಿಲ್ಲ ಅಂತದೆ."

ಕೇಸು ಇನ್ನೂ ನಡೆಯುತ್ತಿದೆ. ಅಕ್ಕ ತಮ್ಮ ಸಂತೆಗೆ ಒಟ್ಟಿಗೇ ಹೋಗುತ್ತಾರೆ, ಗದ್ದೆಯ ಮಾತು ಮಾತ್ರ ಎತ್ತುವುದಿಲ್ಲ.

ನಿನಗೇನಾದರೂ ಆಸೆ ಇದೆಯೇ ಎಂದರೆ ಮಾದಿ ಒಳಕೋಣೆಯ ಬಾಗಿಲು ತೋರಿಸುತ್ತಾಳೆ. "ಮಳೆಗೆ ಉಬ್ಬಿ ಸಮಾ ಮುಚ್ಚೂದಿಲ್ಲ. ಆಚಾರಿ ಬಂದು ಒಂದ್ ಸ್ವಲ್ಪ ಕೆತ್ತಿಕೊಟ್ರೆ ಸಾಕಿತ್ತು." ಅಷ್ಟರಲ್ಲಿ ದಮಯಂತಿಯವರು ಬರುತ್ತಾರೆ. ಬೀರಜ್ಜ ಒಳಗೆ ಹೋಗುತ್ತಾನೆ. ಮಾದಿಯೂ ಒಳಗೆ ಬಂದು ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತಾಳೆ.

"ಈಗ ಹೇಳು ಅಜ್ಜಾ."