ಹೊಳೆಯ ಕಾಲುಂಗುರ

ಗೌರಿ, ಶರಣು, ಮೊಮ್ಮಕ್ಕಳೇ, ಈ ಹಾಳೆಗಳಲ್ಲಿ ನಾನು ಬರೆಯುತ್ತಿರುವ ಹೆಂಗಸಿನ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ನಮ್ಮ ನಿಮ್ಮ ಹೆಬ್ಬೆರಳ ಮೇಲೆ ಸುರುಳಿ ಸುರುಳಿಯಾಗಿ ಗೆರೆಗಳಿರುತ್ತವಲ್ಲ, ಅವು ಅವಳಿಗೆ ಸವೆದುಹೋಗಿದ್ದವು. ಹತ್ತೂ ಬೆರಳು ಹೊಳೆಯ ಉರುಟು ಕಲ್ಲಿನಂತೆ ನುಣುಪು. ಉಗುರಿನ ಸಂದಿಯಲ್ಲಿ ಮಾತ್ರ ಎಷ್ಟು ತೊಳೆದರೂ ಹೋಗದ ಬಿಳಿ. ಸುಣ್ಣ ತಿಂದ ಕೈ ಅದು.

ಕಳೆದ ಸಲ ಗೌರಿ ಕಾರವಾರದಿಂದ ಬಂದಾಗ ತನ್ನ ಕಾಲೇಜಿನ ಫೋಟೊ ತೋರಿಸಿದಳು. ಹೊಳೆ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಹುಡುಗಿಯರು ಮೊಣಕಾಲುದ್ದ ನಿಂತು, ಕಬ್ಬಿಣದ ಚೌಕವೊಂದನ್ನು ಊರಿ, ಅದರೊಳಗಿನ ಸಣ್ಣ ಕಪ್ಪೆಚಿಪ್ಪುಗಳನ್ನು ಎಣಿಸುತ್ತಿದ್ದರು. “ಮರಿ ಎಷ್ಟು, ದೊಡ್ಡವು ಎಷ್ಟು ಅಂತ ವರ್ಷಾ ವರ್ಷಾ ಎಣಿಸಬೇಕು ಅಜ್ಜಿ. ಆಗ ಅವು ಹೆಚ್ಚತಾವೋ ಕಡಿಮಿ ಆಗತಾವೋ ತಿಳೀತೈತಿ. ಇದೆಲ್ಲ ನಿನಗ ಹೊಸದು ಬಿಡು” ಅಂದಳು. ಎದುರು ಮಾತಾಡುವುದು ನನಗೆ ಬರುವುದಿಲ್ಲ. ಬರೆಯುವುದು ಒಂದಿಷ್ಟು ಬರುತ್ತದೆ. ಹೊಸದಲ್ಲ ಮಗಳೇ. ನಾನು ಅದನ್ನು ನಿನ್ನ ವಯಸ್ಸಿನಲ್ಲೇ ನೋಡಿದ್ದೇನೆ.

ಕುರುಗೋಡಿನ ಕಡೆಯ ನನ್ನ ತವರೂರಿನ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ, ನಾನು ಸಿರುಗುಪ್ಪ ತಾಲೂಕಿನ ಈ ಹೊಳೆದಂಡೆಯ ಊರಿಗೆ ಸೊಸೆಯಾಗಿ ಬಂದೆ. ನಿಮ್ಮ ಅಜ್ಜನಿಗೆ ಕಾಲುವೆಯ ಕೆಳಗೆ ಭತ್ತದ ಗದ್ದೆ. ನನಗೆ ದಿನಾ ಬೆಳಗ್ಗೆ ಹೊಳೆಗೆ ಹೋಗಿ ಬಟ್ಟೆ ಒಗೆಯುವ ಕೆಲಸ. ಅಲ್ಲಿ, ಕರೀ ಬಂಡೆಯ ಮಗ್ಗುಲಲ್ಲಿ, ಸೀರೆಯನ್ನು ಕಚ್ಚೆ ಹಾಕಿ ನೀರಿನಲ್ಲಿ ಬಗ್ಗಿ ನಿಂತಿರುತ್ತಿದ್ದಳು ಅವಳು. ಊರಿಗೆಲ್ಲ ಅವಳು ಸುಣ್ಣದವ್ವ. ಮರಳಿನೊಳಗೆ ಹುದುಗಿರುವ ಕಪ್ಪೆಚಿಪ್ಪುಗಳನ್ನು ಬಿದಿರಿನ ಜರಡಿಯಲ್ಲಿ ಎತ್ತಿ, ಗೂಡಿನಲ್ಲಿ ಇದ್ದಿಲ ಜೊತೆ ಪದರ ಪದರವಾಗಿ ಒಟ್ಟಿ ಸುಟ್ಟು, ನೀರು ಹುಯ್ದು ಅರಳಿಸಿದರೆ ಹಾಲಿನಂಥ ಸುಣ್ಣ. ಊರಿನ ಗೋಡೆಗಳಿಗೆ, ಊರಿನ ಎಲೆಅಡಿಕೆಗೆ ಅದೇ.

ನಮ್ಮದು ಶರಣರ ಮನೆ. ನಾನು ಬಂದ ವಾರದಲ್ಲೇ ಅತ್ತೆ ಹೇಳಿದ್ದರು, “ಆ ಚಿಪ್ಪಿನಾಕಿ ಹತ್ರ ಹೋಗಬ್ಯಾಡ, ಅವನ್ನ ಮುಟ್ಟಬ್ಯಾಡ. ಜೀವ ತಗಿಯೋ ಕೆಲಸ ಅದು.” ಒಂದು ದಿನ ಒಂದು ಚಿಪ್ಪು ನನ್ನ ಒಗೆಯುವ ಕಲ್ಲಿನ ಬುಡಕ್ಕೆ ಉರುಳಿ ಬಂತು. ನಾನು ಹೆದರಿ ಕಾಲು ಹಿಂದೆ ತೆಗೆದೆ. ಸುಣ್ಣದವ್ವ ಸೊಂಟ ನೆಟ್ಟಗೆ ಮಾಡಿ ನಕ್ಕಳು.

“ಯಾಕ ಯವ್ವಾ, ಕಚ್ಚತೈತೇನು? ನಿಮ್ಮತ್ತಿ ಹೊತ್ತಿಗೆ ನಾಲ್ಕು ಸಲ ಎಲಿ ಹಾಕ್ಕೊಂತಾಳ. ಆ ಎಲಿಗೆ ಸವರೋದು ಏನು? ಬಾಯಾಗ ಇಟಗೊಂಡ್ರ ಮಡಿ, ಕೈಯಾಗ ಹಿಡಕೊಂಡ್ರ ಮೈಲಿಗಿ!”

ನನಗೂ ನಗು ಬಂದುಬಿಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅತ್ತೆಯ ಮನೆಗೆ ಬಂದ ಮೇಲೆ ಅದೇ ಮೊದಲ ನಗು. ಆಮೇಲೆ ಆ ಚಿಪ್ಪನ್ನು ನಾನೇ ಎತ್ತಿ ಅವಳ ಕೈಗೆ ಕೊಟ್ಟೆ.

ಅವಳ ಕೊರಳಲ್ಲಿ ಒಂದು ಕರೀ ದಾರ, ಅದರಲ್ಲಿ ಕಂಚಿನ ಕಾಲುಂಗುರ ಒಂದು ತೂಗುತ್ತಿತ್ತು. ಹೆಬ್ಬೆರಳಿಗೆ ಹಾಕುವಂಥದು, ದುಂಡಗೆ, ದಪ್ಪಗೆ. ನನಗೆ ಅದು ಸೋಜಿಗ. ಅವಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಗಂಡ ಹೋದವರಿಗೆ ಕಾಲುಂಗುರ ಎಲ್ಲಿಯದು? ಒಗೆಯುವ ಕಲ್ಲಿನ ಹೆಂಗಸರು ಅದನ್ನೇ ಆಡಿಕೊಳ್ಳುತ್ತಿದ್ದರು. ಒಂದು ದಿನ ಹೇಗೋ ಧೈರ್ಯ ಮಾಡಿ ಕೇಳಿದೆ.

“ಅವರು ತಗದ್ರು” ಅಂದಳು. “ಬಳಿ ಒಡದ್ರು, ಎರಡೂ ಕಾಲುಂಗುರ ಎಳದು ತಟ್ಟಿಗೆ ಹಾಕಿದ್ರು. ನಾನು ಎದ್ದು ಒಂದನ್ನ ತಟ್ಟಿಯಿಂದ ವಾಪಸ್ ತಗೊಂಡೆ. ಎಲ್ಲಾರೂ ಬಾಯಿ ಮಾಡಿದ್ರು. ಇದು ಗಂಡಂದಲ್ಲ, ಹೊಳಿದು ಅಂದೆ. ಗಂಡ ಸತ್ತ ಅಂತ ಒಕ್ಕಲಗಿತ್ತಿ ಕೈಯಾಗಿನ ಕುಡುಗೋಲು ಕಸಗೊಂತೀರೇನು? ಇದು ನನ್ನ ಕುಡುಗೋಲು.”

ನಿಜವಾಗಿಯೂ ಅದು ಅವಳ ಹತಾರ. ಎತ್ತಿದ ಪ್ರತಿ ಚಿಪ್ಪನ್ನೂ ಉಂಗುರಕ್ಕೆ ಹಿಡಿಯುತ್ತಿದ್ದಳು. ಅದರೊಳಗೆ ತೂರಿ ಹೋದದ್ದು ಕೂಸು. ಅದು ಮರಳಿ ನೀರಿಗೆ. ತೂರದೆ ನಿಂತದ್ದು ಬುಟ್ಟಿಗೆ. ಮನೆಯಲ್ಲಿ ಹಿಟ್ಟಿಲ್ಲದ ದಿನವೂ ಅಷ್ಟೇ, ಬುಟ್ಟಿ ಅರ್ಧವಾಗಿದ್ದ ದಿನವೂ ಅಷ್ಟೇ.

ಸಂಕ್ರಾಂತಿ ಕಳೆದು ನೀರು ಇಳಿದ ಮೇಲೆ ವರ್ಷದ ಮೊದಲ ಜರಡಿ. ಅದು ಸುಡಲಿಕ್ಕಲ್ಲ, ಎಣಿಸಲಿಕ್ಕೆ. ಕರೀ ಬಂಡೆಯಿಂದ ಮೂರು ಮಾರು ದೂರ, ಪ್ರತಿ ವರ್ಷ ಅದೇ ಜಾಗ. ಜರಡಿಯನ್ನು ಮರಳಿನ ಮೇಲೆ ಬೋರಲು ಒತ್ತಿ, ಅದರ ಸುತ್ತಿನೊಳಗೆ ಮೊಣಕೈ ಆಳಕ್ಕೆ ತೋಡಿ, ಸಿಕ್ಕಿದ್ದನ್ನೆಲ್ಲ ಬಂಡೆಯ ಮೇಲೆ ಮೂರು ಗುಂಪು ಮಾಡುತ್ತಿದ್ದಳು. ಉಂಗುರದಲ್ಲಿ ತೂರುವ ಕೂಸುಗಳು. ಹರೆಯದವು. ಬೆನ್ನ ಮೇಲೆ ತುಂಬಾ ಗೆರೆ ಎದ್ದ ಮುದುಕಿಯರು. ಚಿಪ್ಪಿನ ಬೆನ್ನ ಮೇಲಿನ ಗೆರೆಗಳನ್ನು ಎಣಿಸಿದರೆ ಅದರ ವಯಸ್ಸು ತಿಳಿಯುತ್ತದೆ ಎಂದು ನನಗೆ ತೋರಿಸಿದವಳು ಅವಳೇ. “ನನ್ನ ಬೆರಳಾಗಿನ ಗೆರಿ ಎಲ್ಲಾ ಇವೇ ತಗೊಂಡಾವ ನೋಡು” ಅನ್ನುತ್ತಿದ್ದಳು. ಎಣಿಸಿ ಮುಗಿದ ಮೇಲೆ ಅಷ್ಟನ್ನೂ ನೀರಿಗೆ ಬಿಟ್ಟು, ಗುಡಿಸಲಿನ ಒಳಗೋಡೆಯ ಮೇಲೆ ಸುಣ್ಣದಲ್ಲಿ ಮೂರು ಪಟ್ಟಿ ಎಳೆಯುತ್ತಿದ್ದಳು, ಗುಂಪು ದೊಡ್ಡದಿದ್ದರೆ ಉದ್ದ ಪಟ್ಟಿ, ಸಣ್ಣದಿದ್ದರೆ ಗಿಡ್ಡ. ಓದು ಬಾರದವಳ ಗೋಡೆ ಅದು. ಅವಳು ಬೆರಳಿಟ್ಟು ತೋರಿಸುತ್ತಿದ್ದಳು: ಮಹಾಪೂರ ಬಂದು ಮರಳು ಮುಚ್ಚಿದ ವರ್ಷ ಇದು, ಅದರ ಮುಂದಿನ ವರ್ಷ ಕೂಸುಗಳೇ ಕೂಸುಗಳು.

“ಮುದುಕ್ಯಾರು ಇದ್ದು ಕೂಸು ಇಲ್ಲಂದ್ರ ನೀರಿಗೆ ಏನೋ ಆಗೈತಿ. ಕೂಸು ಇದ್ದು ಮುದುಕ್ಯಾರು ಇಲ್ಲಂದ್ರ ಮನುಷ್ಯಾನ ಕೈ ಆಡೈತಿ. ಎರಡೂ ಇಲ್ಲಂದ್ರ…” ಅನ್ನುವಷ್ಟಕ್ಕೆ ನಿಲ್ಲಿಸುತ್ತಿದ್ದಳು. ಕೂಸಿನ ಪಟ್ಟಿ ಗಿಡ್ಡವಾದ ವರ್ಷ ಬಂಡೆಯ ಮೇಲ್ದಂಡೆಯನ್ನು, ಕೂಸುಗಳು ಹುಟ್ಟುವ ಆ ಜಾಗವನ್ನು, ಮುಟ್ಟುತ್ತಿರಲಿಲ್ಲ, ಕೆಳದಂಡೆಯಲ್ಲೇ ಆರಿಸುತ್ತಿದ್ದಳು.

ಎಪ್ಪತ್ತರ ದಶಕದ ನಡುವೆ ಒಂದು ಬೇಸಿಗೆ. ನಿಮ್ಮ ಅಪ್ಪ ಆಗ ತೊಟ್ಟಿಲಲ್ಲಿದ್ದ. ಬಟ್ಟೆ ಹೊತ್ತು ಹೊಳೆಗೆ ಹೋದರೆ ಕೆಳದಂಡೆಯಲ್ಲಿ ಲಾರಿ ನಿಂತಿದೆ. ಬಳ್ಳಾರಿಯ ಒಬ್ಬ ಕಂಟ್ರಾಕ್ಟರ್ ಹತ್ತು ಆಳುಗಳನ್ನು ತಂದು ಸಲಿಕೆಯಲ್ಲಿ ಮರಳು ಸಮೇತ ಚಿಪ್ಪು ಬಾಚಿಸುತ್ತಿದ್ದ. ಕೂಸು, ಮುದುಕಿ ಎಲ್ಲ ಒಂದೇ ರಾಶಿ. ರಾಶಿಯ ಬುಡದಲ್ಲಿ ಕೂಸುಗಳು ಬಿಸಿಲಿಗೆ ಬಾಯಿ ಬಿಟ್ಟು ನಾರುತ್ತಿದ್ದವು. ಸುಣ್ಣದವ್ವ ಲಾರಿಯ ಮುಂದೆ ಕೂತುಬಿಟ್ಟಿದ್ದಳು.

“ಏಮಮ್ಮಾ, ಹೊಳಿ ನಿಮ್ಮಪ್ಪಂದೇನು?” ಅಂದ ಅವನು.

“ನಮ್ಮಪ್ಪಂದಲ್ಲ. ನಿಮ್ಮಪ್ಪಂದೂ ಅಲ್ಲ. ಚೀಟಿ ಐತೇನು, ತಗಿ.”

ಅವನು ನಗುತ್ತಾ ಜೇಬಿನಿಂದ ಸರ್ಕಾರದ ಕಾಗದ ತೆಗೆದು ಅವಳ ಮುಂದೆ ಹಿಡಿದ. ಅವಳಿಗೆ ಓದಲು ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವಳು ಕತ್ತು ತಿರುಗಿಸಿ ಕೂಗಿದಳು, “ಏ ಸಾಲಿ ಕಲತಾಕಿ! ಬಾ ಇಲ್ಲಿ. ಏನು ಬರದೈತಿ ಓದು.”

ಅಷ್ಟು ಗಂಡಸರ ನಡುವೆ ನಾನು ಹೇಗೆ ನಡೆದುಹೋದೆನೋ ಇಂದಿಗೂ ತಿಳಿಯದು. ಸೆರಗಿನ ಮರೆಯಿಂದ ಓದಿದೆ. “ದಂಡೆಯ ಮೇಲೆ ಬಿದ್ದಿರುವ ಒಣ ಚಿಪ್ಪುಗಳನ್ನು ಮಾತ್ರ ಆರಿಸಿಕೊಳ್ಳಲು ಅನುಮತಿ ನೀಡಲಾಗಿದೆ.”

“ಇನ್ನೊಮ್ಮಿ ಓದು. ಜೋರಾಗಿ.”

ಜೋರಾಗಿ ಓದಿದೆ. ಆಳುಗಳು ಸಲಿಕೆ ನಿಲ್ಲಿಸಿದರು. ಕಂಟ್ರಾಕ್ಟರ್ ಕಾಗದ ಕಸಿದುಕೊಂಡು, “ಹೋಗಿ ಕಚೇರಿಯಾಗ ಹೇಳಿಕೋರಿ. ಕೆಳಗಿಂದು ಇವತ್ತು, ಕರೀ ಬಂಡಿ ಮ್ಯಾಲ್ದಂಡಿದು ಬರೋ ವಾರ” ಅಂದು ಆಳುಗಳ ಮೇಲೆ ರೇಗಿದ. ಸಲಿಕೆಗಳು ಮತ್ತೆ ಎದ್ದವು.

ಮೇಲ್ದಂಡೆ ಹೋದರೆ ಬೀಜವೇ ಹೋದಂತೆ. ಅಂದು ರಾತ್ರಿಯಾಗುವುದರೊಳಗೆ ನಾನು ನಿಮ್ಮ ಅಜ್ಜನ ನೋಟ್‌ಬುಕ್ಕಿನ ಹಾಳೆ ಹರಿದು ಅರ್ಜಿ ಬರೆದೆ. ಅವಳು ಹೇಳಿದ್ದೆಲ್ಲ ಬರೆದೆ, ಬೈಗುಳ ಬಿಟ್ಟು. ಮರುದಿನ ಅತ್ತೆಗೆ ಬಳೆ ಇಟ್ಟುಕೊಳ್ಳಲು ಹೋಗುತ್ತೇನೆಂದು ಸುಳ್ಳು ಹೇಳಿ ಅವಳ ಜೊತೆ ಸಿರುಗುಪ್ಪದ ಬಸ್ಸು ಹತ್ತಿದೆ.

ಕಚೇರಿಯ ಗುಮಾಸ್ತ ಅರ್ಜಿ ಓದಿ ಮಸಿಯ ಡಬ್ಬಿ ಮುಂದೆ ತಳ್ಳಿದ. ಸುಣ್ಣದವ್ವ ಹೆಬ್ಬೆರಳು ಅದ್ದಿ ಒತ್ತಿದಳು. ಕಾಗದದ ಮೇಲೆ ಬರೀ ಒಂದು ನೀಲಿ ಮಚ್ಚೆ. ಒಂದು ಗೆರೆಯೂ ಇಲ್ಲ.

“ಇದೇನಿದು? ಇದು ಹೆಬ್ಬೆಟ್ಟಾ? ಇದು ಯಾರದಾದ್ರೂ ಆಗಬೌದು. ನಡಿಯಂಗಿಲ್ಲ.”

ಅವಳು ಎರಡನೆಯ ಬೆರಳು ಒತ್ತಿದಳು. ಮೂರನೆಯದು. ಹತ್ತೂ ಬೆರಳು ಒತ್ತಿದಳು. ಹತ್ತು ಮಚ್ಚೆ. ಗುಮಾಸ್ತ ಪಕ್ಕದವನನ್ನು ಕರೆದು ತೋರಿಸಿ ನಕ್ಕ. “ನಿನ್ನ ಗೆರಿ ಎಲ್ಲಿ ಕಳಕೊಂಡಿಯಮ್ಮ?”

ಸುಣ್ಣದವ್ವ ಮಸಿಯ ಕೈ ಎತ್ತಿ ಅವನ ಹಿಂದಿನ ಬಿಳಿ ಗೋಡೆ ತೋರಿಸಿದಳು.

“ಅಲ್ಲಿ ಅದಾವ ನೋಡಪ್ಪ. ಹೋದ ದೀಪಾವಳಿಗೆ ನಿಮ್ಮ ಕಚೇರಿಗೆ ಬಳದ್ರಲ್ಲ, ಆ ಸುಣ್ಣದಾಗ. ಬೇಕಾದ್ರ ಕೆರಕೊಂಡು ಹಚ್ಚಿಕೋ.”

ನಗು ನಿಂತಿತು. ಗುಮಾಸ್ತ ಸ್ವಲ್ಪ ಹೊತ್ತು ಕಾಗದ ತಿರುವಿ, “ಓದು ಬಂದವರು ಯಾರಾದ್ರೂ ಕೆಳಗ ಸಹಿ ಹಾಕಿದ್ರ ತಗೊಂತೀನಿ” ಅಂದ. ಅವನು ನನ್ನತ್ತ ನೋಡಿದ. ಅವಳು ನೋಡಲಿಲ್ಲ, ಗೋಡೆಯನ್ನೇ ನೋಡುತ್ತಿದ್ದಳು. ಹಾಕು ಎಂದೂ ಅನ್ನಲಿಲ್ಲ. ಸಹಿ ಹಾಕಿದರೆ ಮನೆಯಲ್ಲಿ ನನಗೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಸಾಲೆ ಬಿಟ್ಟ ಮೇಲೆ ನಾನು ನನ್ನ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ. ಲೇಖನಿ ತೆಗೆದುಕೊಂಡೆ. ಮೊದಲನೆಯ ಅಕ್ಷರ ದೊಡ್ಡದಾಯಿತು, ಕೊನೆಯದು ಹಾಳೆಯ ಅಂಚಿಗೆ ಹೋಯಿತು. ಆದರೂ ಪೂರಾ ಹೆಸರು ಬರೆದೆ.

ನಾಲ್ಕನೆಯ ದಿನಕ್ಕೆ ಜೀಪು ಬಂತು. ಅದರಲ್ಲಿ ಬಂದ ಕಚೇರಿಯ ಸಾಹೇಬರು ಹರೆಯದವರು. ಸುಣ್ಣದವ್ವ ಅವರನ್ನು ದಂಡೆಯ ಮೇಲೆ ನಿಲ್ಲಲು ಬಿಡಲಿಲ್ಲ. “ಬೂಟು ಬಿಚ್ಚರಿ, ನೀರಿಗೆ ಇಳೀರಿ, ಕಣ್ಣೀಲೆ ನೋಡರಿ” ಅಂದಳು. ಅವರು ಪ್ಯಾಂಟು ಮಡಚಿ ಇಳಿದರು. ಲಾರಿಯವರು ಬಾಚಿದ ಕಡೆ ಜರಡಿ ಒತ್ತಿ ತೋಡಿಸಿದಳು: ಬರೀ ಮರಳು. ಬಂಡೆಯ ಮೇಲ್ದಂಡೆಯಲ್ಲಿ ತೋಡಿಸಿದಳು: ಜರಡಿ ತುಂಬಾ ಚಿಪ್ಪು. ಕೊರಳ ಉಂಗುರ ಬಿಚ್ಚಿ ಸಾಹೇಬರ ಕೈಗೇ ಕೊಟ್ಟು, ಒಂದೊಂದನ್ನೂ ಅವರ ಕೈಯಿಂದಲೇ ತೂರಿಸಿದಳು. ಕೊನೆಗೆ ದಂಡೆಯ ರಾಶಿಯಿಂದ ಸತ್ತ ಕೂಸುಗಳನ್ನು ಒಂದು ಬೊಗಸೆ ತಂದು ಅವರೆದುರು ಹಿಡಿದಳು. ಅವರು ಮೂಗು ಮುಚ್ಚಿಕೊಳ್ಳಲಿಲ್ಲ, ಅದು ಅವರ ದೊಡ್ಡತನ. ಮೇಲ್ದಂಡೆಗೆ ಲಾರಿ ಬರಲಿಲ್ಲ. ಕೆಳದಂಡೆ ಮಾತ್ರ ಆಗಲೇ ಹೋಗಿತ್ತು.

ಸಿರುಗುಪ್ಪದಿಂದ ಬಂದ ದಿನವೇ ಸುದ್ದಿ ಮನೆಗೆ ನನಗಿಂತ ಮೊದಲು ಮುಟ್ಟಿತ್ತು. “ಬಳಿ ಇಟಗೊಳ್ಳಾಕ ಹೋದಾಕಿ ಕಚೇರಿಯಾಗ ಸಹಿ ಒತ್ತಿ ಬಂದಾಳ!” ಎಂದು ಅತ್ತೆ ಊರು ಕೇಳುವಂತೆ ಕೂಗಿದರು. ಒಂದು ತಿಂಗಳು ನನ್ನ ಜೊತೆ ಮಾತಿಲ್ಲ. ನಿಮ್ಮ ಅಜ್ಜ ಗದ್ದೆಯಿಂದ ಬಂದು ಕೈಕಾಲು ತೊಳೆಯುತ್ತಾ, “ಸಹಿ ಸೊಟ್ಟ ಹಾಕಿಯಂತ. ದಿನಾ ಒಂದು ಸಲ ಬರದು ರೂಢಿ ಮಾಡಿಕೋ” ಅಂದರು. ಅಷ್ಟೇ ಅಂದದ್ದು. ಮರುದಿನ ಹೊಸ ನೋಟ್‌ಬುಕ್ ತಂದುಕೊಟ್ಟರು.

ನಾನು ತಿಳಿದಿದ್ದೆ, ಇನ್ನು ಸುಣ್ಣದವ್ವ ನೆಮ್ಮದಿಯಾಗಿ ಚಿಪ್ಪು ಆರಿಸುತ್ತಾಳೆ ಎಂದು. ಆದರೆ ಅವಳು ಸುಣ್ಣದ ಗೂಡಿನ ಬಾಯಿಗೆ ಕಲ್ಲು ಮುಚ್ಚಿದಳು. ಮೂರು ವರ್ಷ ಪರರ ಗದ್ದೆಯಲ್ಲಿ ಕಳೆ ಕಿತ್ತಳು, ನಮ್ಮದರಲ್ಲೂ. ಹೆಂಗಸರು ಅಣಕಿಸುತ್ತಿದ್ದರು, “ಅಷ್ಟು ಜಗಳ ಆಡಿ ಗೆದ್ದು ಈಗ ಹೊಳಿ ಕಡಿ ಹೋಗಂಗಿಲ್ಲಲ್ಲ!” ಅವಳು ಕೆಸರಿನಿಂದ ತಲೆ ಎತ್ತದೆ ಅನ್ನುತ್ತಿದ್ದಳು, “ಅವನು ಬಾಚಿದ್ರ ತಪ್ಪು, ನಾನು ಬಾಚಿದ್ರ ಸರಿಯೇನು? ಕೂಸು ಕೆಳದಂಡಿಗೆ ಬರ್ಲಿ, ಆಮ್ಯಾಗ.” ಪ್ರತಿ ಸಂಕ್ರಾಂತಿಗೆ ಒಂದು ಜರಡಿ ಎಣಿಸಿ ಪಟ್ಟಿ ಎಳೆಯುವುದನ್ನು ಮಾತ್ರ ಬಿಡಲಿಲ್ಲ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ನಾಲ್ಕನೆಯ ವರ್ಷ ಕೆಳದಂಡೆಯ ಮರಳಿನಲ್ಲಿ ಕೂಸುಗಳು ಸಿಕ್ಕವು, ಬೇಳೆಯಷ್ಟು ಬೇಳೆಯಷ್ಟು. ಅವಳು ಅಂಗೈಯಲ್ಲಿಟ್ಟು ನನಗೆ ತೋರಿಸಿದಳು. ಉಂಗುರ ಹಿಡಿಯುವ ಗೋಜಿಗೇ ಹೋಗಲಿಲ್ಲ.

ಎಂಬತ್ತರ ನಂತರ ಅವಳ ಎದೆ ಕೆಟ್ಟಿತು. ಗೂಡಿನ ಹೊಗೆ, ಸುಣ್ಣದ ಪುಡಿ. ಕೊನೆಯ ಸಲ ನೋಡಲು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ದಾರ ಬಿಚ್ಚಿ ಉಂಗುರವನ್ನು ನನ್ನ ಕೈಗಿಟ್ಟಳು. “ನೀನು ಹೊಳಿಗೆ ಇಳಿಯಾಕಿ ಅಲ್ಲ, ಗೊತ್ತೈತಿ. ಇಟಗೋ. ಯಾರಾರ ಕೇಳಿದ್ರ ಹೇಳಾಕ ಬಾಯಿ ಇರ್ಲಿ.” ಅವಳು ಹೋದ ಮಳೆಗಾಲದಲ್ಲಿ ಗುಡಿಸಲು ಬಿತ್ತು, ಗೋಡೆಯೂ ಹೋಯಿತು. ನನ್ನ ನೋಟ್‌ಬುಕ್ಕಿನ ಪಟ್ಟಿಗಳು ಉಳಿದವು.

ನಿಮ್ಮ ಅಜ್ಜ ತೀರಿಕೊಂಡ ದಿನ ನೀವು ಚಿಕ್ಕವರು. ಹೆಂಗಸರು ಸುತ್ತುವರಿದು ಕೂತರು, ತಟ್ಟೆ ಬಂತು. ನನ್ನ ಬೆಳ್ಳಿಯ ಕಾಲುಂಗುರಗಳು ಹೋದವು, ನಾನು ತಡೆಯಲಿಲ್ಲ. ಆಮೇಲೆ ಯಾರದೋ ಕೈ ನನ್ನ ಕೊರಳಲ್ಲಿದ್ದ ಸುಣ್ಣದವ್ವನ ಉಂಗುರದ ಕರೀ ದಾರಕ್ಕೆ ಬಂತು. “ಇದೊಂದು ಉಳಿದೈತಿ” ಅಂದಿತು ಒಂದು ದನಿ. ನಾನು ಆ ಕೈ ಹಿಡಿದುಕೊಂಡೆ.

“ಇದು ಗಂಡಂದಲ್ಲ. ಹೊಳಿದು” ಅಂದೆ.

ಪಡಸಾಲೆಯಲ್ಲಿ ಕೂತ ಗಂಡಸರಿಗೂ ಕೇಳಿಸುವಷ್ಟು ಜೋರಾಗಿ ಅಂದಿದ್ದೆನಂತೆ. ಕೈ ಹಿಂದೆ ಸರಿಯಿತು.

ಗೌರಿ, ಉಂಗುರ ನಿನಗೆ. ನಿನ್ನ ಅಳಿವೆಯ ಚಿಪ್ಪಿಗೆ ಅದರ ಅಳತೆ ಕೂಡದೇ ಹೋಗಬಹುದು, ಆದರೂ ಒಂದು ಸಲ ಹಿಡಿದು ನೋಡು, ತೂರಿದ್ದನ್ನು ನೀರಿಗೆ ಬಿಡು. ಶರಣು, ಈ ಹಾಳೆಗಳೂ ಆ ಪಟ್ಟಿಗಳ ನೋಟ್‌ಬುಕ್ಕೂ ನಿನ್ನ ಪಾಲು. ನನ್ನ ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಕೆಳಗೆ ಇವೆ. ಗೋಡೆ ಒಂದು ಮಳೆಗೆ ಬಿತ್ತು. ಕಾಗದಕ್ಕೆ ನೀರು ತಾಗಿಸಬೇಡ, ಮಗನೇ.