ಮೊರ್ಫಾರ್‌ನನ್ನು ದಾಟುವಂತಿಲ್ಲ

೨೦೧೪ರ ನವೆಂಬರ್ ೨೨, ಶನಿವಾರ. ಆಧಾರ: ಸ್ವೀಡನ್ನಿನ ಉಪ್ಸಾಲಾದಿಂದ ಉತ್ತರಕ್ಕೆ ಹೋಗಿಬಂದ ನನ್ನ ರೈಲು ಟಿಕೆಟ್, ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲೇ ನೌಕರಿ ಮುಗಿಸಿದವನಿಗೆ ಇಷ್ಟೂ ಇಲ್ಲದೆ ಬಾಯಿ ತೆರೆಯುವುದು ಕಷ್ಟ.

ಸ್ಯಾಂಡ್‌ವಿಕೆನ್‌ನಲ್ಲಿ ಬೆಳೆದ ನನ್ನ ಮಗಳ ಮಗಳಿಗೆ ಆಗ ಹದಿನೇಳು. ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನಲ್ಲಿ ಜಿಲ್ಲಾ ತಂಡದ ಹೊಸ್ತಿಲವರೆಗೆ ಬಂದಿದ್ದಳು. ಕ್ಲಬ್ಬಿನ ಶಿಬಿರಗಳಲ್ಲಿ ಮನೆಯ ಹಿರಿಯರು ಸರದಿಯಂತೆ ಅಡುಗೆ ಮಾಡಬೇಕು. ಮಗಳಿಗೆ ರಜೆ ಸಿಗದ ಕಾರಣ ಆ ಭಾಗ್ಯ ನನ್ನದಾಯಿತು. ಸೌಟು ಹಿಡಿಯಲು ಹೋದವನು ಶನಿವಾರದ ಹೊತ್ತಿಗೆ ಸಹಾಯಕ ತರಬೇತುದಾರನಾಗಿದ್ದೆ. ಅರ್ಹತೆ ಒಂದೇ: ಸ್ಕೀ ಮೇಲೆ ನನ್ನಷ್ಟು ನಿಧಾನಿ ಇಡೀ ಶಿಬಿರದಲ್ಲಿ ಇನ್ನೊಬ್ಬನಿರಲಿಲ್ಲ.

ಮೊಮ್ಮಗಳೂ ಸೇರಿ ಶಿಬಿರದಲ್ಲಿದ್ದ ಆರು ಮಕ್ಕಳ ಕಾಯಿಲೆ ವೇಗವಲ್ಲ, ನಿಧಾನವಾಗಿ ಹೋಗಲಾರದಿರುವುದು. ಸ್ಪರ್ಧೆಯ ಹಿಂದಿನ ದಿನ ಮೈ ಸಡಿಲಿಸಲು ಹಗುರವಾಗಿ ಜಾರಿ ಬನ್ನಿ ಎಂದರೆ, ಒಬ್ಬ ಒಂದು ಗೇಣು ಮುಂದಾಗುತ್ತಾನೆ, ಇನ್ನೊಬ್ಬಳು ಎರಡು ಗೇಣು. ಕೊನೆಗೆ ಕಾಡಿನ ತುಂಬ ಜಿದ್ದಾಜಿದ್ದಿ, ಮರುದಿನ ಸೋತ ಕಾಲುಗಳು. ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ ತರಬೇತುದಾರಳು ಅಂದು ನನ್ನನ್ನು ಸಾಲಿನ ಮುಂದೆ ನಿಲ್ಲಿಸಿ, "ಮೊರ್ಫಾರ್‌ನನ್ನು ದಾಟಿದವರು ನಾಳೆ ಸ್ಪರ್ಧಿಸುವಂತಿಲ್ಲ" ಎಂದು ಸಾರಿದಳು. ಸ್ವೀಡಿಷ್‌ನಲ್ಲಿ ತಾಯಿಯ ತಂದೆಯನ್ನು ಕರೆಯುವ ಆ ಹೆಸರಿನಿಂದಲೇ ಶಿಬಿರವೆಲ್ಲ ನನ್ನನ್ನು ಕರೆಯುತ್ತಿತ್ತು.

ಮೊಮ್ಮಗಳಿಗೆ ಇದು ತಮಾಷೆಯಾಗಿರಲಿಲ್ಲ. ಜ್ವರ ಬಿದ್ದು ಹಿಂದಿನ ಆಯ್ಕೆಗಳನ್ನೆಲ್ಲ ಕಳೆದುಕೊಂಡಿದ್ದ ಅವಳಿಗೆ ಆ ಭಾನುವಾರದ ಸ್ಪರ್ಧೆಯೇ ತಂಡ ಸೇರಲು ಉಳಿದಿದ್ದ ಕೊನೆಯ ಅವಕಾಶ.

"ತಾತ, ಪ್ಲೀಸ್, ಸ್ವಲ್ಪ ಫಾಸ್ಟಾಗಿ ಹೋಗು. ಕಾಲು ಫ್ರೀಜ್ ಆಗ್ತಿದೆ."

"ದೊಡ್ಡೋರಿಗೆ ಅವಸರ ಮಾಡಬಾರದು ಕಣೇ."

"ದೊಡ್ಡೋರು ನಿಂತಿದಾರೋ ಹೋಗ್ತಿದಾರೋ, ಅದೇ ಗೊತ್ತಾಗ್ತಿಲ್ಲ!"

ಹಿಂದಿನಿಂದ ಒಬ್ಬ ಹುಡುಗ ಸ್ವೀಡಿಷ್‌ನಲ್ಲಿ ಕೂಗಿದ: "ಮೊರ್ಫಾರ್, ಈಗೊಂದು ಮೊಲ ನಿಮ್ಮನ್ನು ದಾಟಿತು. ಅದಕ್ಕೂ ನಾಳೆ ಸ್ಪರ್ಧೆ ಇಲ್ಲವೇ?"

ಅಧಿಕಾರದ ರುಚಿ ನನಗೆ ಆಗಲೇ ಹತ್ತಿತ್ತು. ನಡುದಾರಿಯಲ್ಲಿ ಫೀಕಾ, ಅಂದರೆ ಸ್ವೀಡಿಷರ ಕಾಫಿ ವಿರಾಮ, ಘೋಷಿಸಿ, ಕಾಫಿ ಹೀರುತ್ತ, ತಿಥಿ ತಪ್ಪಾಗಿ ಕೆತ್ತಿದ ಒಂದು ದಾನಶಾಸನದ ಕಥೆಯನ್ನು ಸಾವಕಾಶವಾಗಿ ವಿವರಿಸಿದೆ. ನಿವೃತ್ತಿಯ ನಂತರ ಅಷ್ಟು ಅಚಲ ಶ್ರೋತೃವರ್ಗ ನನಗೆ ಮತ್ತೆಂದೂ ಸಿಕ್ಕಿಲ್ಲ.

ಆಮೇಲೆ ಇಳಿಜಾರು ಬಂತು. ವೇಗವಾಗಿ ಜಾರಲೆಂದು ಸ್ಕೀಗಳಿಗೆ ಮೇಣ ಸವರುವವನು ಬೆಳಿಗ್ಗೆ, "ಇವತ್ತು ನಿಮ್ಮವಕ್ಕೂ ಒಳ್ಳೆಯ ಮೇಣ ಹಚ್ಚಿದ್ದೇನೆ" ಎಂದು ನಕ್ಕಿದ್ದ. ಆ ನಗೆಯ ಅರ್ಥ ಇಳಿಜಾರಿನ ತಲೆಯಲ್ಲಿ ಹೊಳೆಯುವಷ್ಟರಲ್ಲಿ ನಾನು ಹೊರಟುಹೋಗಿದ್ದೆ. ಪೈನ್ ಮರಗಳು ಹಿಂದಕ್ಕೋಡಿದವು. ಅನಂತರ ಹಿಮ, ಕತ್ತಲು. ತಲೆ ಹೊರಗೆಳೆದಾಗ ಆರೂ ಮಂದಿ ಸುತ್ತ ನಿಂತು ಬಿದ್ದು ಬಿದ್ದು ನಗುತ್ತಿದ್ದರು. ಆ ಹೊತ್ತಿಗೆ ಅಡ್ಡದಾರಿಯಿಂದ ಬಂದ ತರಬೇತುದಾರಳ ಕಣ್ಣು ಮೊಮ್ಮಗಳ ಕೆಂಪೇರಿದ ಮುಖದ ಮೇಲೆ, ಏದುಸಿರಿನ ಮೇಲೆ ನಿಂತಿತು.

"ದಾಟಿದೆಯಾ?"

"ಮೊರ್ಫಾರ್‌ನನ್ನೇ ಕೇಳಿ."

ಮೀಸೆಯ ಹಿಮ ಕೊಡವಿಕೊಂಡು ಸಾಕ್ಷಿ ನುಡಿದೆ: "ಆಧಾರವಿಲ್ಲದೆ ನಾನು ಯಾವುದನ್ನೂ ಹೇಳುವವನಲ್ಲ. ಮೇಲಿಂದ ಕೆಳಗಿನವರೆಗೆ ನನ್ನನ್ನು ಯಾರೂ ದಾಟಿಲ್ಲ. ಅವಳ ಕೆಂಪು ನಗೆಯದು."

ಉಳಿದ ಐವರೂ ಬಹಳ ಗಂಭೀರವಾಗಿ ತಲೆಯಾಡಿಸಿದರು.

"ಸಂಶೋಧಕರೇ ಹಾಗೆಂದ ಮೇಲೆ ಮುಗಿಯಿತು" ಎಂದಳು ತರಬೇತುದಾರಳು. ಭಾನುವಾರ ಮೊಮ್ಮಗಳು ಸ್ಪರ್ಧಿಸಿದಳು, ಮೂರನೆಯವಳಾಗಿ ಬಂದಳು, ತಂಡ ಸೇರಿದಳು.

ಇಷ್ಟನ್ನು ಬರೆದ ಮೇಲೆ, ಎರಡನೆಯ ಆಧಾರವೊಂದಿರಲೆಂದು ಮೇಣದವನಿಗೆ ಪತ್ರ ಬರೆದು ಆ ದಿನದ ಚಿತ್ರವೇನಾದರೂ ಇದೆಯೇ ಎಂದು ವಿಚಾರಿಸಿದೆ. ನಾನು ಬೀಳುವುದನ್ನು ಸೆರೆಹಿಡಿಯಲೆಂದೇ ಆತ ಇಳಿಜಾರಿನ ಬುಡದಲ್ಲಿ ಕಾದು ತೆಗೆದಿದ್ದ ವೀಡಿಯೊ ಬಂತು. ತಾರೀಖು ಸರಿಯಾಗಿದೆ. ಅದರಲ್ಲಿ ಮೊಮ್ಮಗಳು ಪಕ್ಕದ ಜಾಡಿನಲ್ಲಿ ಮೈ ಕುಗ್ಗಿಸಿ, ಇಳಿಜಾರಿನ ನಡುವೆ ನನ್ನನ್ನು ಹಿಂದೆ ಹಾಕಿ, ಬುಡದಲ್ಲಿ ಅಚ್ಚುಕಟ್ಟಾಗಿ ನಿಂತು, ಕೋಲುಗಳ ಮೇಲೆ ಗದ್ದ ಊರಿಕೊಂಡು ಕಾಯುತ್ತಾಳೆ. ಆಮೇಲೆ ನಾನು ಬರುತ್ತೇನೆ. ನನ್ನ ಎರಡೂ ಕಣ್ಣುಗಳು ಬಿಗಿಯಾಗಿ ಮುಚ್ಚಿವೆ.