ಸಂಜೀವಪ್ಪ ತಿದ್ದಿದ ಕ್ಯಾಸೆಟ್ಟು

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸಂಜೀವಪ್ಪನದು ಟಿ.ವಿ. ರಿಪೇರಿ ಅಂಗಡಿ. ತೊಂಬತ್ಮೂರನೇ ಇಸವಿಯಲ್ಲಿ ಅದರ ಒಂದು ಮೂಲೆಗೆ ಪರದೆ ಕಟ್ಟಿ, ಎರಡು ವಿಡಿಯೋ ಗೇಮ್ ಇಟ್ಟು ಊರ ಹುಡುಗರನ್ನು ಆಡಿಸತೊಡಗಿದ. ಕೈ ಚುರುಕು, ಮನಸ್ಸು ಮೆತ್ತಗೆ. ಯಾರ ಮುಖ ಬಾಡಿದರೂ ಅವನಿಗೆ ನೋಡಲಾಗದು. ಊರೆಲ್ಲ ಅದನ್ನು ಒಳ್ಳೆಯ ಗುಣ ಎಂದು ಹೊಗಳುತ್ತಿತ್ತು. ಅದು ಗುಣವಲ್ಲ, ರೋಗ.

ಪಿಳ್ಳಣ್ಣ ಅವನ ಚಡ್ಡಿ ದೋಸ್ತ್. ವೆಂಕಟರಾಮಪ್ಪನವರ ಕಾರ್ಖಾನೆಯಲ್ಲಿ ಒಬ್ಬನೇ ಎರಡು ವಿದ್ಯುತ್ ಮಗ್ಗ ನೋಡಿಕೊಳ್ಳುತ್ತಿದ್ದ ನೇಕಾರ. ಒಮ್ಮೆ ಬಲಗೈಯ ಎರಡು ಬೆರಳು ಮಗ್ಗದ ಬೆಲ್ಟಿಗೆ ಸಿಕ್ಕಿ ಹೋದವು, ಉಳಿದವು ಮರಗಟ್ಟಿದವು. ಯಜಮಾನರು ಕೆಲಸದಿಂದ ತೆಗೆಯಲಿಲ್ಲ, ಮಗ್ಗದಿಂದ ಎಬ್ಬಿಸಿ ಕಂಡಿಕೆಗೆ ನೂಲು ಸುತ್ತಲು ಮೂಲೆಯಲ್ಲಿ ಕೂರಿಸಿದರು. ಅಂದಿನಿಂದ ಪಿಳ್ಳಣ್ಣ ಆ ಕೈಯನ್ನು ಟವೆಲ್ಲಿನಡಿ ಮುಚ್ಚಿಕೊಂಡೇ ಓಡಾಡುತ್ತಿದ್ದ.

"ಬಾರ್ಲಾ, ಬೆರಳಿಗಾದ್ರೂ ಒಸಿ ಕೆಲಸ ಸಿಗುತ್ತೆ" ಎಂದು ಸಂಜೀವಪ್ಪನೇ ಅವನನ್ನು ಟಿ.ವಿ. ಮುಂದೆ ಕೂರಿಸಿ ಕೈಗೆ ಆಟದ ರಿಮೋಟ್ ಕೊಟ್ಟ. ಬಂದೂಕು ಹಿಡಿದ ಸಿಪಾಯಿಯೊಬ್ಬ ಓಡುವ ಆಟ ಅದು. ಎದುರಿನಿಂದ ಬರುವ ಗುಂಡು ತಪ್ಪಿಸಿಕೊಳ್ಳಬೇಕು. ಇರುವುದು ಮೂರು ಪ್ರಾಣ. ಪಿಳ್ಳಣ್ಣನ ಮೂರೂ ಪ್ರಾಣ ಕಣ್ಣು ಮಿಟುಕಿಸುವುದರೊಳಗೆ ಹಾರಿಹೋಗುತ್ತಿದ್ದವು. ಆದರೂ ಹುಡುಗರು ಶಾಲೆಯಲ್ಲಿರುವ ಮಧ್ಯಾಹ್ನದ ಹೊತ್ತಿಗೆ, ಊಟದ ಬಿಡುವಿನಲ್ಲಿ, ದಿನಾ ಬಂದು ಕೂರುತ್ತಿದ್ದ, ಸೋತು ಮುಖ ಸಣ್ಣಗೆ ಮಾಡಿಕೊಂಡು ಏಳುತ್ತಿದ್ದ.

ಆ ಮುಖ ಸಂಜೀವಪ್ಪನ ನಿದ್ದೆಗೆಡಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಆಟದ ಕ್ಯಾಸೆಟ್ಟಿನೊಳಗಿನ ಚಿಪ್ಪು ತಿದ್ದುವವನೊಬ್ಬನನ್ನು ಹುಡುಕಿದ.

"ಗುಂಡು ಒಸಿ ನಿಧಾನಕ್ಕೆ ಬರೋ ಹಂಗೆ ಮಾಡ್ಕೊಡಕ್ಕಾಗುತ್ತಾ?"

"ಎಲ್ರೂ ಪ್ರಾಣ ಜಾಸ್ತಿ ಮಾಡು ಅಂತಾರೆ. ನೀನೇನ್ ಗುರು, ಗುಂಡಿಗೇ ಬ್ರೇಕ್ ಹಾಕು ಅಂತೀಯಲ್ಲ!" ಎಂದು ನಗುತ್ತಲೇ ಅವನು ಮಾಡಿಕೊಟ್ಟ.

ಸಂಜೀವಪ್ಪ ಕ್ಯಾಸೆಟ್ಟು ಬಿಚ್ಚಿ, ಹಳೆಯ ಚಿಪ್ಪು ಕಿತ್ತು, ಹೊಸದನ್ನು ಬೆಸೆದು ಮುಚ್ಚಿದ. ಅದೇ ಚೀಟಿ, ಅದೇ ಬಣ್ಣ. ಪಿಳ್ಳಣ್ಣ ಬಂದಾಗ ಮಾತ್ರ ಅದನ್ನು ಹಾಕುತ್ತಿದ್ದ.

ವಾರದೊಳಗೆ ಪಿಳ್ಳಣ್ಣನ ಸಿಪಾಯಿ ಸೇತುವೆ ದಾಟಿದ. ತಿಂಗಳೊಳಗೆ ಕೋಟೆ ಹೊಕ್ಕ. "ಬೆರಳು ತಿರುಗ್ತಾ ಅವೆ ಕಣ್ಲಾ!" ಎಂದು ಪಿಳ್ಳಣ್ಣ ಕುಣಿದಾಡಿದ. ಕೈ ಮುಚ್ಚುತ್ತಿದ್ದ ಟವೆಲ್ಲು ಹೆಗಲೇರಿತು. ಗಂಡ ಮತ್ತೆ ನಗುವುದನ್ನು ಕಂಡ ನರಸಮ್ಮ ಒಬ್ಬಟ್ಟು ಮಾಡಿ, "ನಮ್ಮ ಸಂಜೀವಣ್ಣಂಗೆ" ಎಂದು ಅಂಗಡಿಗೇ ತಂದುಕೊಟ್ಟಳು. ಸಂಜೀವಪ್ಪ ಸಂತೋಷವಾಗಿಯೇ ತಿಂದ.

ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ಪಿಳ್ಳಣ್ಣ ಅಂದ: "ನಾಳೆ ಯಜಮಾನ್ರನ್ನ ಕೇಳ್ಬಿಡ್ತೀನಿ ಕಣೋ. ನನ್ ಮಗ್ಗ ನಂಗ್ ಕೊಡಿ ಅಂತ."

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಅವತ್ತಿನ ಸಂಜೀವಪ್ಪನ ಮೌನ ಮೂರು ಕಾಸಿಗೂ ಬಾಳದು. ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರಿಗಿದ್ದ ಮುಖ ಅಷ್ಟು ಅರಳಿತ್ತು. "ಕೇಳು, ಕೇಳು" ಎಂದುಬಿಟ್ಟ.

ಯಜಮಾನರು ಎರಡು ಮಗ್ಗ ಕೊಟ್ಟರು. ಮಗ್ಗಕ್ಕೆ ಯಾರ ಮುಲಾಜು? ಒಂದರಲ್ಲಿ ಎಳೆ ಹರಿಯಿತು. ಪಿಳ್ಳಣ್ಣನ ಬೆರಳು ಗಂಟು ಹಾಕಲು ತಡಕಾಡುತ್ತಿರುವಾಗಲೇ ಇನ್ನೊಂದರಲ್ಲೂ ಎಳೆಗಳು ಹರಿದು, ಮುಗಿಯಲು ಬಂದಿದ್ದ ಸೀರೆ ಪೂರ್ತಿ ಕೆಟ್ಟಿತು. "ಆಸೆ ಪಟ್ಟೆ ಅಂತ ಕೊಟ್ಟೆ. ಆಗಲ್ಲ ಅಂತ ಗೊತ್ತಾಯ್ತಲ್ಲ, ಹೋಗಿ ಕೂತ್ಕೊಳಪ್ಪಾ" ಎಂದು ವೆಂಕಟರಾಮಪ್ಪನವರು ಎಲ್ಲರೆದುರು ಅಂದರು.

ಅಂದು ಸಂಜೆ ಪಿಳ್ಳಣ್ಣ ಅಂಗಡಿಗೆ ಬಂದ. "ಆಟಕ್ಕೆ ಬಗ್ಗೋ ಕೈ ಮಗ್ಗಕ್ಕೆ ಯಾಕ್ಲಾ ಬಗ್ಗಲ್ಲ? ನನ್ನಲ್ಲೇ ಏನೋ ಐಬಿದೆ."

ಸಂಜೀವಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ಅತ್ತೂಬಿಟ್ಟ.

ಪಿಳ್ಳಣ್ಣ ಬೈಯಲಿಲ್ಲ. "ಚಿಪ್ಪು ಹಾಕಿದ್ದು ಹೋಗ್ಲಿ ಬಿಡು. ಮಗ್ಗ ಕೇಳ್ತೀನಿ ಅಂದೆನಲ್ಲ, ಅವತ್ತು ನಿನ್ ಬಾಯಿಗೆ ಏನಾಗಿತ್ತೋ?" ಎಂದು ಕೇಳಿದ. ಎದ್ದುಹೋದವನು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಸಂಜೀವಪ್ಪ ಮನೆಗೆ ಹೋದರೆ, "ಅವರಿಲ್ಲ" ಎಂದು ನರಸಮ್ಮ ಬಾಗಿಲಲ್ಲೇ ಅಂದಳು.

ಒಂದೂವರೆ ವರ್ಷ ಕಳೆದಿರಬೇಕು. ಸಂಜೀವಪ್ಪ ಯಾವುದೋ ಟಿ.ವಿ. ನೋಡಲು ದೇವನಹಳ್ಳಿಗೆ ಹೋಗಿದ್ದವನು, ವಾಪಸು ಬಸ್ಸಿಗೆ ನಿಂತಿದ್ದ. ಪಕ್ಕದಲ್ಲೊಂದು ಗೇಮ್ ಅಂಗಡಿ. ಒಳಗೆ ಗಲಾಟೆ ಕೇಳಿ ಇಣುಕಿದ. ಪಿಳ್ಳಣ್ಣ ಕುಳಿತಿದ್ದ. ರಿಮೋಟನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಬೆರಳು ಹೋದ ಬಲಗೈಯ ಅಂಗೈಯಿಂದಲೇ ಗುಂಡಿ ಒತ್ತುವ ಹೊಸ ವರಸೆ ಕಲಿತಿದ್ದ. ಅದೇ ಆಟ. ಗುಂಡುಗಳು ಪೂರ್ತಿ ವೇಗದಲ್ಲಿ ಬರುತ್ತಿದ್ದವು. ಸಿಪಾಯಿ ಕೋಟೆ ಹೊಕ್ಕ, ಸುತ್ತಲಿನ ಹುಡುಗರು ಹೋ ಎಂದರು.

ಇಷ್ಟು ಬರುತ್ತಿತ್ತಲ್ಲ ಇವನಿಗೆ, ಇನ್ನೊಂದಿಷ್ಟು ದಿನ ಆ ಬಾಡಿದ ಮುಖ ನೋಡಿಕೊಂಡು ನಾನು ಸುಮ್ಮನಿರಲಾರದೆ ಹೋದೆನಲ್ಲ ಎಂದು ಸಂಜೀವಪ್ಪ ತನ್ನನ್ನೇ ಹಳಿದುಕೊಂಡ. "ಶಹಭಾಸ್ ಕಣ್ಲಾ" ಎನ್ನಲು ಬಾಯಿ ತೆರೆದ. ಅವನ ಬಾಯಿಂದ ಬಂದ ಶಹಭಾಸನ್ನು ಪಿಳ್ಳಣ್ಣ ಇನ್ನು ಹೇಗೆ ನಂಬಿಯಾನು? ಬಸ್ಸು ಬಂತು. ಸದ್ದಾಗದಂತೆ ಹಿಂದೆ ಸರಿದು ಹತ್ತಿಕೊಂಡ.